ಸಿಸ್ಟರಿಗೆ ಉಡಿ ತುಂಬಿದ್ದು

ನನ್ನ ಹೆಬ್ಬೆರಳಿಗೆ ಹತ್ತಿದ ಹಸಿರು ಬಣ್ಣ ಎಷ್ಟು ತಿಕ್ಕಿದರೂ ಹೋಗಿಲ್ಲ. ಮೂಗಿನ ಹತ್ತಿರ ಒಯ್ದರೆ ಇನ್ನೂ ವಾಸನೆ ಬರುತ್ತದೆ. ಮಗಳ ಹಾಸ್ಟೆಲ್ ಟ್ರಂಕಿನ ಮೇಲೆ ಅವಳ ಹೆಸರು ಬರೆಸಿದ ಬಣ್ಣವಿದು. “ಮುಟ್ಟಬ್ಯಾಡ್ರಿ ಅಕ್ಕಾರ, ಇನ್ನಾ ಹಸಿ ಐತಿ” ಎಂದು ಪೇಂಟರ್ ಹೇಳಿದ. ಹಸಿ ಇದೆ ಎಂದ ಮೇಲೆ ಮುಟ್ಟಿಯೇ ನೋಡುವುದು ನಮ್ಮ ಮನೆತನದ ಗುಣ. ನಿನ್ನೆ ಆ ಟ್ರಂಕನ್ನೂ ಅದರ ಒಡತಿಯನ್ನೂ ನಾನು ಓದಿದ ಕಾನ್ವೆಂಟ್ ಹೈಸ್ಕೂಲಿನಲ್ಲೇ ಬಿಟ್ಟು ಬಂದೆವು. ಮನೆ ಬಿಕೋ ಅನ್ನುತ್ತಿದೆ. ಅದಕ್ಕೇ ನಿಮ್ಮೊಂದಿಗೆ ನಾಲ್ಕು ಮಾತಾಡೋಣ ಅಂತ ಕೂತಿದ್ದೇನೆ.

ಎಂಟನೇ ಇಯತ್ತೆಗೆ ಆ ಶಾಲೆಯಲ್ಲಿ ಸೀಟು ಸಿಗಬೇಕಾದರೆ ಈಗಲೂ ಟೆಸ್ಟ್ ಬರೆಯಬೇಕು. ಮಗಳು ಬರೆದಳು, ಅಂಕ ಮೊಬೈಲಿಗೇ ಬಂತು, ಸೀಟೂ ಸಿಕ್ಕಿತು. ಸಿಕ್ಕ ಕೂಡಲೇ ಮನೆಯಲ್ಲಿ ಜಗಳ ಸುರುವಾಯಿತು, ಸಿಕ್ಕಿದ್ದು ಯಾರಿಂದ ಎಂದು. ತಾವು ಹುಡುಕಿದ ಚಿಕ್ಕೋಡಿಯ ಟ್ಯೂಶನ್ ಕ್ಲಾಸಿನಿಂದ ಎಂದು ನನ್ನ ಯಜಮಾನರು. ತಮ್ಮ ಸೋಮವಾರದ ಉಪವಾಸದಿಂದ ಎಂದು ಅತ್ತೆಯವರು. “ಎಕ್ಸಾಮ್ ಬರದಾಕಿ ನಾ ಅದೇನಿ, ನನ್ನ ಯಾರೂ ಕೇಳವಲ್ರಲ್ಲ!” ಎಂದು ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಮಗಳ ಕಡೆ ನಿಂತೆ. ನಿಲ್ಲದೇ ಏನು ಮಾಡಲಿ? ಇದೇ ಜಗಳವನ್ನು ಅವಳ ವಯಸ್ಸಿನಲ್ಲಿ ಮೂರು ವರ್ಷ ಒಬ್ಬಳೇ ಆಡಿದವಳು ನಾನು.

ಶಿರಗುಪ್ಪಿಯಲ್ಲಿ ನಮ್ಮದು ಕಬ್ಬಿನ ಮನೆತನ. ಮನೆಯ ಯಜಮಾನಿಕೆ ನಮ್ಮ ಆಯಿಯದು, ಎಂದರೆ ಅಪ್ಪನ ತಾಯಿಯದು. ಅಜ್ಜ ಗಟ್ಟಿಮುಟ್ಟಾಗಿದ್ದರೂ ಆಯಿ ಎದುರಿಗಿದ್ದರೆ ಕೆಮ್ಮುವುದನ್ನೂ ಸಣ್ಣಗೆ ಕೆಮ್ಮುತ್ತಿದ್ದ. ನನ್ನನ್ನು ಕಾನ್ವೆಂಟಿಗೆ ಹಾಕಬೇಕೆಂದು ಅಪ್ಪನಿಗೆ ಹುಚ್ಚು ಹಿಡಿದಾಗ, ಟೆಸ್ಟ್ ಎಂದರೇನು ಎಂದು ಆಯಿ ಕೇಳಿದಳು. ಪ್ರಶ್ನೆ ಕೇಳುತ್ತಾರೆ, ಹೇಳಿದ್ದನ್ನು ನೋಡುತ್ತಾರೆ, ಮನಸ್ಸಿಗೆ ಬಂದರೆ ತಗೊಳ್ಳುತ್ತಾರೆ ಎಂದು ಅಪ್ಪ ವಿವರಿಸಿದ. “ಅಂದ್ರ ಹೆಣ್ಣ ನೋಡೂದು ಅನ್ನಲ್ಲ” ಎಂದು ಆಯಿ ಒಂದೇ ಮಾತಿನಲ್ಲಿ ಮುಗಿಸಿದಳು. ಅಂದಿನಿಂದ ನನಗೆ ಬಿಸಿಲಿಗೆ ಹೋಗಗೊಡಲಿಲ್ಲ, ಹುಳಿ ತಿನ್ನಗೊಡಲಿಲ್ಲ. ಬಾಗಿಲಿಗೆ ಬಂದವರಿಗೆಲ್ಲ, “ಹುಡುಗಿ ಟೆಸ್ಟಿಗಿ ಕುಂದ್ರತೈತಿ, ಸಾವಕಾಶ ಮಾತಾಡ್ರಿ” ಎನ್ನುವಳು. ಹೇಳುವ ಆಯಿಯ ದನಿ ಮಾತ್ರ ಕೃಷ್ಣಾ ನದಿಯ ಆಚೆ ದಂಡೆಗೂ ಕೇಳಿಸುತ್ತಿತ್ತು.

ಟೆಸ್ಟಿನ ದಿನ ಕಾಗವಾಡ, ಅಥಣಿ, ರಾಯಬಾಗ, ನಿಪ್ಪಾಣಿ ಕಡೆಯ ಮಕ್ಕಳೆಲ್ಲ ಹಬ್ಬದ ಬಟ್ಟೆ ತೊಟ್ಟು ಬಂದಿದ್ದರು. ಗಣಿತ ಹೇಗೋ ದಾಟಿದೆ. ಇಂಗ್ಲಿಷಿನಲ್ಲಿ ನಿಮ್ಮ ಹವ್ಯಾಸದ ಬಗ್ಗೆ ಬರೆಯಿರಿ ಎಂದಿತ್ತು. ಹವ್ಯಾಸ ಎಂದರೇನೆಂದು ನನಗೆ ಗೊತ್ತಿತ್ತು, ನನಗೂ ಒಂದು ಇರಬೇಕಿತ್ತು ಎನ್ನುವುದು ಗೊತ್ತಿರಲಿಲ್ಲ. ಗೈಡಿನಲ್ಲಿ ಬಾಯಿಪಾಠ ಮಾಡಿದ್ದ ತೋಟಗಾರಿಕೆಯನ್ನೇ ಬರೆದೆ. ನಮ್ಮ ತೋಟದಲ್ಲಿ ಕೆಂಪು ಗುಲಾಬಿ ಇವೆ, ನಾನು ಸಂಜೆ ಝಾರಿಯಿಂದ ನೀರು ಹಾಕುತ್ತೇನೆ ಅಂತ. ನಮ್ಮ ತೋಟದಲ್ಲಿ ಇದ್ದದ್ದು ಕಬ್ಬು. ಅದಕ್ಕೆ ಝಾರಿಯಿಂದ ನೀರು ಹಾಕಲು ಹೊರಟರೆ ನನ್ನ ಮದುವೆಯ ವಯಸ್ಸೇ ಮೀರುತ್ತಿತ್ತು. ಹೊರಗೆ ಬಂದಾಗ ಆಯಿ ರೊಟ್ಟಿ ಬುತ್ತಿ ಬಿಚ್ಚಿಕೊಂಡು, ಗುರುತು ಪರಿಚಯವಿಲ್ಲದ ಮಕ್ಕಳಿಗೆಲ್ಲ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದಳು. “ಅವ್ರೆಲ್ಲಾ ನನ್ನ ಸೀಟಿಗೆ ಬಂದಾರ ಆಯಿ” ಎಂದು ಸಿಟ್ಟಿನಿಂದ ಹೇಳಿದೆ. “ಬಂದ್ರ ಬಂದಾರೇಳ. ಹಸಗೊಂಡ ಬಂದಾವಿಲ್ಲ?” ಎಂದಳು.

ಕೆಲವು ದಿನಗಳ ಮೇಲೆ ಪಾಲಕರು ಬಂದು ಕಾಣಬೇಕೆಂದು ಶಾಲೆಯಿಂದ ಕರೆ ಬಂತು. ಅಪ್ಪ ಹೆದರಿದ. ಕಾಣಬೇಕು ಎಂದಿದ್ದಾರೆ, ಕೊಡುತ್ತೇವೆ ಎಂದಿಲ್ಲ. ಯಾರದಾದರೂ ವಶೀಲಿ ಹಚ್ಚಬೇಕು ಎಂದು ಒದ್ದಾಡಿದ, ಯಾರೂ ಸಿಗಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಆಯಿಗೆ ಮತ್ತೆಮತ್ತೆ ಹೇಳಿದ, “ಯವ್ವಾ, ನೀ ಒಳಗ ಏನೂ ಮಾತಾಡಬ್ಯಾಡ. ಅವ್ರು ಶಿಸ್ತಿನ ಮಂದಿ.” ಆಯಿ ತೊಡೆಯ ಮೇಲೆ ಒಂದು ಕೈಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಶಾಲೆ ಮುಟ್ಟಿದ ಮೇಲೆ ಅಪ್ಪ ಆಫೀಸಿನ ಕಿಟಕಿಯ ಪಾಳಿಗೆ ನಿಂತ. ನನ್ನನ್ನು ಆಯಿ ನಳದ ಹತ್ತಿರ ಮುಖ ತೊಳೆಯಲು ಕಳಿಸಿದಳು. ಆಮೇಲೆ ಮೂವರೂ ದೊಡ್ಡ ಸಿಸ್ಟರ್ ಕೋಣೆಗೆ ಹೋದೆವು.

ದೊಡ್ಡ ಸಿಸ್ಟರ್ ಮಂಗಳೂರು ಕಡೆಯವರು. ಬಿಳಿ ನಿಲುವಂಗಿ, ತಲೆಯ ಮೇಲೆ ಬಿಳಿ ವಸ್ತ್ರ, ದಪ್ಪ ಕನ್ನಡಕ. ಅವರು “ಕುಳಿತುಕೊಳ್ಳಿ” ಎನ್ನುವಷ್ಟರಲ್ಲಿ ಆಯಿ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಅವರ ಮೇಜಿನ ಮೇಲೆ ಹೊಂದಿಸತೊಡಗಿದಳು. ಅಕ್ಕಿ, ತೆಂಗಿನಕಾಯಿ, ಅಡಿಕೆ, ಉತ್ತತ್ತಿ, ಅರಿಷಿಣದ ಬೇರು, ಕುಪ್ಪಸಕ್ಕೊಂದು ಹಸಿರು ಖಣ. ಅಪ್ಪನ ಮುಖದಲ್ಲಿ ರಕ್ತ ಉಳಿಯಲಿಲ್ಲ.

“ಏನಜ್ಜಿ ಇದು?”

“ಉಡಿ ತುಂಬತೇನಿ ಯವ್ವಾ. ಏಳ್ರಿ, ಎದ್ದ ನಿಂದರ್ರಿ.”

“ಹಾಗೆಲ್ಲ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ ಅಜ್ಜಿ. ಅಡ್ಮಿಶನ್ ಸಮಯ ಬೇರೆ.”

“ಲಂಚ ಅಲ್ರಿ ಇದು! ಉಡಿಗಿ ಯಾರರ ಲಂಚ ಅಂತಾರೇನ್ರಿ?”

ಸಿಸ್ಟರ್, “ನನಗೆ ಮದುವೆ ಆಗಿಲ್ಲ ಅಜ್ಜಿ” ಎಂದರು. ಅದರಿಂದ ಬಿಡುಗಡೆ ಸಿಕ್ಕೀತೆಂದು ತಿಳಿದಿರಬೇಕು, ಪಾಪ. ನಮ್ಮ ಆಯಿ ಬಿಡುತ್ತಾಳೆಯೇ? “ಆಗದಿದ್ರ ಏನಾತ್ರಿ? ಕನ್ನೇರಿಗೂ ತುಂಬತಾರ. ಕುಂಕುಮ ಬ್ಯಾಡಂದ್ರ ಹಚ್ಚೂದಿಲ್ಲ.” ಈಗ ಇನ್ನೊಂದು ತೊಡಕು ಬಂತು. ಉಡಿ ಒಡ್ಡಲು ಸಿಸ್ಟರಿಗೆ ಸೆರಗೇ ಇಲ್ಲ. ಆಯಿ ಅವರನ್ನು ಸುತ್ತಲೂ ನೋಡಿ, ತನ್ನ ಚೀಲದಿಂದ ಬುತ್ತಿ ಸುತ್ತಿದ್ದ ಟವೆಲನ್ನೇ ಝಾಡಿಸಿ ಅವರ ಎರಡೂ ಕೈಗೆ ಕೊಟ್ಟಳು. ಅಷ್ಟು ದೊಡ್ಡ ಶಾಲೆಯ ಹಿರಿಯ ಸಿಸ್ಟರ್, ರೊಟ್ಟಿಯ ವಾಸನೆಯ ಟವೆಲು ಒಡ್ಡಿಕೊಂಡು, ಹೊಸ ಸೊಸೆಯಂತೆ ತಲೆ ತಗ್ಗಿಸಿ ನಿಂತರು. ತುಂಬಿದ ಮೇಲೆ ನಾಲ್ಕು ಕಾಳು ಮರಳಿ ಕೊಡಬೇಕೆಂದು ಆಯಿಯೇ ಕಲಿಸಿಕೊಟ್ಟಳು. ಬಾಗಿಲು ತೆರೆದಿತ್ತು. ಹೊರಗೆ ಪಾಳಿಯಲ್ಲಿ ನಿಂತ ಪಾಲಕರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಸಿಸ್ಟರ್ ಟವೆಲಿನ ಗಂಟನ್ನು ಎದೆಗವಚಿಕೊಂಡೇ ಅಪ್ಪನ ಕಡೆ ತಿರುಗಿ, “ನಿಮ್ಮ ಮಗಳಿಗೆ ಸೀಟು ಆಗಿದೆ” ಎಂದರು. ಅಪ್ಪನನ್ನೂ ನನ್ನನ್ನೂ ಹೊರಗೆ ಕಳಿಸಿ ಆಯಿ ಒಂದು ನಿಮಿಷ ಒಳಗೇ ಉಳಿದಳು.

ಸಾಕಲ್ಲ! ನನ್ನ ಅಂಕ ಪಟ್ಟಿಯ ತಳದಲ್ಲಿತ್ತು ಎನ್ನುವುದು ಎಲ್ಲರಿಗೂ ಗೊತ್ತು. ಶಿರಗುಪ್ಪಿಯ ಮುದುಕಿ ಉಡಿ ತುಂಬಿ ಸೀಟು ಹೊಡೆದಳು ಎಂಬ ಸುದ್ದಿ ನಾವು ಊರು ಮುಟ್ಟುವ ಮೊದಲೇ ಊರು ಮುಟ್ಟಿತ್ತು. ಮುಂದಿನ ವರ್ಷ ಟೆಸ್ಟಿಗೆ ಬಂದ ಮಕ್ಕಳ ತಾಯಂದಿರು ತೆಂಗಿನಕಾಯಿ ಚೀಲ ಹಿಡಿದುಕೊಂಡೇ ಬಂದರು. ಐಗಳಿಯಿಂದ ಬಂದ ಒಬ್ಬಾಕೆ ಖಣದ ಜೊತೆಗೆ ದ್ರಾಕ್ಷಿಯ ಪೆಟ್ಟಿಗೆಯನ್ನೂ ತಂದಿದ್ದಳು. ಕಡೆಗೆ ಗೇಟಿಗೆ ಒಂದು ಬೋರ್ಡು ಬಿತ್ತು: ಇಲ್ಲಿ ಉಡಿ ತುಂಬಬಾರದು. ಕ್ರೈಸ್ತ ಶಾಲೆಯ ಬಾಗಿಲಲ್ಲಿ ಅಂಥ ಬೋರ್ಡು ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ಇದನ್ನು ಈಗ ನಗುತ್ತ ಹೇಳುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅಕ್ಕೋಳದ ವೈಶಾಲಿಯದು. ಟೆಸ್ಟಿನಲ್ಲಿ ಮೊದಲು ಬಂದವಳು, ಒಳ್ಳೆಯವಳೇ, ಆದರೆ ಬಾಯಿ ಜೋರು. ಲೆಕ್ಕ ತಪ್ಪಿದಾಗಲೆಲ್ಲ, “ಇರಲಿ ಬಿಡವಾ, ನಿಂದ ಖಣದ ಸೀಟ್” ಎನ್ನುವಳು. ಅದು ನನ್ನ ಅಡ್ಡಹೆಸರೇ ಆಗಿಹೋಯಿತು. ನಾನು ನನ್ನ ಯೋಗ್ಯತೆಯಿಂದ ಇಲ್ಲಿದ್ದೇನೆಯೋ, ಒಂದು ತೆಂಗಿನಕಾಯಿಯಿಂದ ಇದ್ದೇನೆಯೋ? ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಸೂಟಿ ಬಿಟ್ಟಾಗ ಊರಿಗೆ ಹೋದರೆ, ಬಂದವರೆದುರು ಆಯಿ ಬೇರೆ ಹೆಮ್ಮೆಯಿಂದ, “ನಾನ ಉಡಿ ತುಂಬಿ ಬಂದೇನಿ, ಕಾಳಜಿ ಇಲ್ಲ” ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಟದಿಂದ ಓದಿದೆ.

ಹತ್ತನೇ ಇಯತ್ತೆ ಮುಗಿಸಿ ಹೊರಡುವ ದಿನ ಧೈರ್ಯ ಮಾಡಿ ದೊಡ್ಡ ಸಿಸ್ಟರ್ ಕೋಣೆಗೆ ಹೋದೆ. “ಸಿಸ್ಟರ್, ನನಗೆ ಸೀಟು ಕೊಟ್ಟದ್ದು ಅಂಕ ನೋಡಿಯೋ, ಉಡಿ ನೋಡಿಯೋ?” ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ನಕ್ಕರು. “ನಿನ್ನ ಹೆಸರು ಅವತ್ತು ಬೆಳಿಗ್ಗೆಯೇ ಬೋರ್ಡಿಗೆ ಹಾಕಿ ಆಗಿತ್ತಲ್ಲ ಮಗೂ. ನಿನ್ನ ಅಪ್ಪ ಗಡಿಬಿಡಿಯಲ್ಲಿ ನೋಡಿರಲಿಕ್ಕಿಲ್ಲ. ಅಜ್ಜಿ ಗೇಟಿನವರ ಹತ್ತಿರ ಅದನ್ನು ಓದಿಸಿಕೊಂಡೇ ಒಳಗೆ ಬಂದದ್ದು. ನಿಮ್ಮನ್ನು ಕಳಿಸಿ ಒಂದು ನಿಮಿಷ ಹಿಂದೆ ಉಳಿದರಲ್ಲ, ಆಗ ಹೇಳಿದರು.”

ನನಗೆ ಸ್ವರ್ಗ ಮೂರೇ ಗೇಣು ಎನ್ನುವಷ್ಟು ಸಂತೋಷವಾಯಿತು. ಊರಿಗೆ ಬಂದವಳೇ, ಶೇಂಗಾ ಸುಲಿಯುತ್ತ ಕೂತಿದ್ದ ಆಯಿಯ ಎದುರು ನಿಂತೆ. “ಆಯಿ, ಸೀಟ್ ನನ್ನ ಮಾರ್ಕ್ಸಿಗೇ ಸಿಕ್ಕಿತ್ತು!”

“ಯಾರ ಇಲ್ಲಂದ್ರ?”

“ಗೊತ್ತಿದ್ದೂ ಯಾಕ ತುಂಬಿದಿ ಮತ್ತ? ಮೂರ ವರ್ಷ ಮಂದಿ ನಕ್ಕಾರ ನನಗ.”

“ನಗಲಿ. ನಿನಗ ಈಗ ಹೇಳಿದ್ರ ತಿಳಿಯೂದಿಲ್ಲ. ಕುಂದ್ರ, ಶೇಂಗಾ ಸುಲಿ.”

ನನಗೆ ಬೇಕಾದ ಉತ್ತರ ಸಿಕ್ಕಿತ್ತು, ಕೂತು ಸುಲಿದೆ. ಆಯಿ ತೀರಿಕೊಂಡು ಈಗ ಬಹಳ ವರ್ಷವಾಯಿತು. ಈ ಕತೆಯನ್ನು ನೂರು ಮಂದಿಗೆ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಕೊನೆಗೆ ಗೆಲ್ಲುವವಳು ನಾನು, ನನ್ನ ಅಂಕ.

ನಿನ್ನೆ ಅದೇ ಶಾಲೆಯ ಆಫೀಸಿನಲ್ಲಿ ಕೂತಿದ್ದೆ. ಈಗಿನ ಸಿಸ್ಟರ್ ಸಣ್ಣ ವಯಸ್ಸಿನವರು, ನಮ್ಮ ಕಡೆಯವರೇ. ಕಂಪ್ಯೂಟರಿನಲ್ಲಿ ಮಗಳ ಅಂಕ ನೋಡಿ ಮೆಚ್ಚಿದರು, ಹಾಸ್ಟೆಲಿನ ಕೋಣೆ ಹೇಳಿದರು. ಎಲ್ಲ ಮುಗಿಯಿತು. ಮಗಳು ನನ್ನ ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಿದ್ದಳು, ಬಿಡಬೇಕೋ ಬೇಡವೋ ತಿಳಿಯದೆ. ಆಗ ಆಯಿಯ ಉಡಿ ನೆನಪಾಯಿತು. ನಮ್ಮಲ್ಲಿ ಬೇಡಲು ಹೋದವರು ಯಾರೂ ಉಡಿ ತುಂಬುವುದಿಲ್ಲ. ಹೆಣ್ಣು ಕೊಡುವವರು, ಹೆಣ್ಣು ಹೋಗಿ ಸೇರುವ ಮನೆಯ ಬೀಗತಿಗೆ ತುಂಬುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೇ ಎಷ್ಟೋ ಮದುವೆಗಳಲ್ಲಿ ನೋಡಿದ್ದೇನೆ. ಆಯಿ ಸೀಟು ಕೇಳಲು ಬಂದಿರಲೇ ಇಲ್ಲ. ಸೀಟು ಸಿಕ್ಕಿದೆ ಎಂದು ತಿಳಿದುಕೊಂಡ ಮೇಲೆ, ನನ್ನನ್ನು ಕೊಡಲು ಒಳಗೆ ಬಂದಿದ್ದಳು. ಅಯ್ಯೋ ಆಯಿ, ಇಷ್ಟು ವರ್ಷ ಬೇಕಾಯಿತೇ ನನಗೆ!

“ಇನ್ನೇನಾರ ಕೇಳೂದೈತೇನ್ರಿ ಮೇಡಮ್?” ಎಂದರು ಸಿಸ್ಟರ್.

ವಾರ್ಷಿಕ ಪರೀಕ್ಷೆ, ಟ್ಯೂಶನ್, ಮೊಬೈಲ್ ಎಂದು ಬಹಳ ಕೇಳುವುದಿತ್ತು. ಒಂದೂ ನೆನಪಾಗಲಿಲ್ಲ. “ಈಕಿ ಜ್ವರ ಬಂದ್ರ ಬಾಯಿಬಿಟ್ಟ ಹೇಳೂದಿಲ್ರಿ ಸಿಸ್ಟರ್” ಎಂದೆ, “ಹಣಿ ಮುಟ್ಟಿ ನೋಡಬೇಕಾಗತೈತಿ.”

ಸಿಸ್ಟರ್ ಕಂಪ್ಯೂಟರ್ ಬಿಟ್ಟು ಎದ್ದು ಬಂದರು. “ನಾ ನೋಡತೀನ್ರಿ” ಎಂದು ಕೈ ಚಾಚಿದರು. ನಾನು ಮಗಳ ಕೈ ಬಿಟ್ಟೆ.