ಸಮಾನತೆಯ ಕುರ್ಚಿಗಳು

ಇಳಕಲ್ಲಿನ ದಾನಮ್ಮ ಸೀರೆಯ ಒಡಲಿಗೆ ಸೆರಗು ಜೋಡಿಸುವ ಕೊಂಡಿ ಕೆಲಸದವಳು. ನೆಲದ ಮೇಲೆ ಕುಳಿತು ಕುಳಿತು ಅವಳ ಮೊಣಕಾಲುಗಳು ಹಾಳಾಗಿದ್ದವು. ಅವಳು ಕಟ್ಟಿದ ಮಹಿಳಾ ಸಂಘದಲ್ಲಿ ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ಒಂದೇ ಜಮಖಾನೆಯ ಮೇಲೆ ಕೂರುತ್ತಿದ್ದರು. ಇದನ್ನು ಮೆಚ್ಚಿದ ಬಾಗಲಕೋಟೆಯ ಸೇವಾಸಂಸ್ಥೆಯೊಂದು ಅಸಮಾನತೆ ಹೋಗಲಾಡಿಸಲೆಂದು ಹತ್ತು ಕುರ್ಚಿ ಕಳಿಸಿತು. ಪ್ರತಿಯೊಂದರ ಬೆನ್ನಿಗೂ ‘ಸಮಾನತೆ’ ಎಂದು ಬರೆದಿತ್ತು. ಸದಸ್ಯೆಯರು ಮಾತ್ರ ಇಪ್ಪತ್ತು ಮಂದಿ.

ಮೇಲಿನ ಓಣಿಯವರು ಬೇಗ ಬಂದು ಕುರ್ಚಿ ಹಿಡಿದರು. ಅಧ್ಯಕ್ಷೆಯೆಂದು ದಾನಮ್ಮನಿಗೂ ಒಂದು ಬಿಟ್ಟರು. ಮೊಣಕಾಲಿಗೆ ಹಿತವಾಗಿದ್ದರಿಂದ ಅವಳು ಕುಳಿತಳು. ಮುಂದಿನ ಸಭೆಗೆ ಕೆಳಗಿನ ಓಣಿಯಿಂದ ಯಾರೂ ಬರಲಿಲ್ಲ.

ದಾನಮ್ಮ ಕರೆಯಲು ಹೋದರೆ ಕೆಳಗಿನ ಓಣಿಯ ನರ್ಗೀಸ ಬಾಗಿಲಲ್ಲೇ ನಿಂತು ಹೇಳಿದಳು: “ನಿಮ್ಮ ಕಾಲ ಬುಡಕ ಕೂಡ್ರಾಕ ಅಲ್ಲೀತನಕ ಯಾಕ ಬರ್ಲಿ ಅಕ್ಕಾ? ನಮ್ಮ ಮನ್ಯಾಗೂ ನೆಲ ಐತಿ.”

ದಾನಮ್ಮ ಎಲ್ಲ ಕುರ್ಚಿಗಳನ್ನೂ, ತನ್ನದನ್ನೂ ಸೇರಿಸಿ, ನಳದ ಬಳಿ ಸಾಲಾಗಿ ಇಡಿಸಿದಳು. ನೀರಿಗೆ ಬಂದವರು ಪಾಳಿಯ ಕೊಡಗಳನ್ನು ಅವುಗಳ ಮೇಲಿಟ್ಟರು. ಜಮಖಾನೆ ಮತ್ತೆ ಹಾಸಿದಾಗ ನರ್ಗೀಸ ತನ್ನ ಓಣಿಯವರೊಂದಿಗೆ ಬಂದಳು. ದಾನಮ್ಮ ಮೊಣಕಾಲ ನೋವಿಗೆ ಮುಖ ಕಿವುಚಿಕೊಂಡು ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

ನೋಡಲು ಬಂದ ಸಂಸ್ಥೆಯ ಸಂಚಾಲಕರು ಗಾಬರಿಯಾದರು. “ಏನ್ರಿ ಅಮ್ಮಾರ, ಕುರ್ಚಿಮ್ಯಾಲೆ ಕೊಡಾ ಕುಂದರ್ಸೀರಿ?”

“ಕೊಡಕ್ಕ ಮ್ಯಾಲಿನ ಓಣಿ, ಕೆಳಗಿನ ಓಣಿ ಗೊತ್ತಾಗಂಗಿಲ್ರಿ,” ಎಂದಳು ದಾನಮ್ಮ.

ಕುರ್ಚಿಗಳು ಪೂರ್ಣ ಬಳಕೆಯಲ್ಲಿವೆ ಎಂದು ಬರೆದುಕೊಂಡ ಸಂಚಾಲಕರು, ಸಂಘಕ್ಕೆ ಒಂದು ವೇದಿಕೆ ಕಟ್ಟಿಸಿಕೊಡುವ ಭರವಸೆಯನ್ನೂ ಕೊಟ್ಟರು.

“ಭಾಳ ಎತ್ತರ ಕಟ್ಟಬ್ಯಾಡ್ರಿ,” ಎಂದಳು ದಾನಮ್ಮ. “ತುಂಬಿದ ಕೊಡಾ ಎತ್ತಿಡಾಕ ಆಗಂಗಿಲ್ಲ.”