ಟಣ್ಣಣ್ಣನ ಸುತ್ತಿಗೆ

ನನ್ನ ಅಣ್ಣನನ್ನು ಬೀದಿಯವರೆಲ್ಲ ಟಣ್ಣಣ್ಣ ಎನ್ನುತ್ತಿದ್ದರು. ಬೆಸೆದು ಮುಗಿಸಿದ ಬೈಕಿನ ಚಾಸಿಯನ್ನು ಅವನು ಸರಪಳಿಗೆ ನೇತುಹಾಕಿ, ಹಿತ್ತಾಳೆಯ ಪುಟ್ಟ ಸುತ್ತಿಗೆಯಿಂದ ಅದರ ಕುತ್ತಿಗೆಯ ಹತ್ತಿರ ಒಮ್ಮೆ ತಟ್ಟುತ್ತಿದ್ದ. ಟಣ್ ಎಂದು ಸದ್ದು ಎಳೆದರೆ ಬೆಸುಗೆ ಗಟ್ಟಿ. ಡಬ್ ಎಂದು ಅಲ್ಲೇ ಸತ್ತರೆ ಒಳಗೆಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. ಕೊಯ್ದು ಮೊದಲಿನಿಂದ ಶುರು. ಇಪ್ಪತ್ತೆರಡು ವರ್ಷದಲ್ಲಿ ತಟ್ಟಿಸಿಕೊಳ್ಳದ ಒಂದು ಚಾಸಿಯೂ ನಮ್ಮ ಅಂಗಡಿಯ ಹೊಸ್ತಿಲು ದಾಟಲಿಲ್ಲ.

ನಾನು ಅವನ ತಮ್ಮ. ಬೀದಿಯಲ್ಲಿ ನನ್ನ ಹೆಸರು ಬ್ರಷ್. ಅದು ಬಂದ ಬಗೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದದ್ದು ಗುಡ್ಡ ಹತ್ತಿಸಿ ಹಾರಿಸುವ ಪುಟ್ಟ ಬೈಕುಗಳು. ಹಾರುವಾಗ ಏನೂ ಆಗುವುದಿಲ್ಲ, ನೆಲಕ್ಕೆ ಬಿದ್ದಾಗ ಇಡೀ ಭಾರ ಹೋಗಿ ಕೂರುವುದು ಕುತ್ತಿಗೆಯ ಮೇಲೆ, ಅಂದರೆ ಹ್ಯಾಂಡಲ್ ತಿರುಗುವ ದಪ್ಪ ಕೊಳವೆಗೆ ಚಾಸಿ ಬಂದು ಸೇರುವ ಜಾಗದ ಮೇಲೆ. ಅಣ್ಣ ಬೈಕನ್ನು ಪೂರಾ ಬಿಚ್ಚಿ, ಬಣ್ಣ ಕೆರೆದು, ಆ ಸಂದಿಗೆ ಎರಡೂ ಕಡೆ ಮೂರು ಮೂಲೆಯ ತಗಡು ಕೂರಿಸುತ್ತಿದ್ದ. ಒಂದೇ ಉಸಿರಿಗೆ ಬೆಸೆಯುತ್ತಿರಲಿಲ್ಲ. ಎಡಕ್ಕೆ ಒಂದು ಬೆರಳಗಲ, ಬಲಕ್ಕೆ ಒಂದು ಬೆರಳಗಲ. ಬಿಸಿ ಬೆಸುಗೆಗೆ ತಣ್ಣನೆಯ ಗಾಳಿ ತಾಗಿದರೆ ಬಿರುಕು ಬಿಡುತ್ತದೆಂದು ಆಮೇಲೆ ಶಟರ್ ಎಳೆದು ಆರಲು ಬಿಡುತ್ತಿದ್ದ. ಕೆಲಸಗಾರ ಅಂದರೆ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಕೊಚ್ಚೆ.

ನಾನು ಕೆರೆಯುವವನು, ಉಜ್ಜುವವನು, ಬಣ್ಣ ಬಳಿಯುವವನು. ಆರು ವರ್ಷ ಕಾಡಿ ಬೇಡಿದ ಮೇಲೆ ಒಂದು ಚಾಸಿಯನ್ನು ಪೂರ್ತಿ ನನ್ನ ಕೈಗೆ ಕೊಟ್ಟ. ನಾಲ್ಕು ದಿನ ಮೈಯೆಲ್ಲ ಕಣ್ಣಾಗಿ ಬೆಸೆದೆ. ತಟ್ಟಿದಾಗ ಟಣ್ ಎಂದಿತು. ನನ್ನೆದೆ ಉಬ್ಬಿತು. ಅಷ್ಟರಲ್ಲಿ ಅಣ್ಣ ಗರಗಸ ಎತ್ತಿಕೊಂಡ. ಬೈಕಿನವನೂ ಅವನ ಗೆಳೆಯರೂ ಎದುರಿಗೇ ನಿಂತಿದ್ದರು. ಬೆಸುಗೆಯನ್ನು ಅಡ್ಡಕ್ಕೆ ಕೊಯ್ದು, ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಜಾಗ ಕರಗಿ ಕೂಡದೆ ಉಳಿದದ್ದನ್ನು ಉಗುರಲ್ಲಿ ತೋರಿಸಿದ.

"ನೋಡ್ರಪ್ಪಾ, ಇದು ನನ್ನ ತಮ್ಮನ ಕೈಗುಣ! ಇವನಿಗೆ ಬ್ರಷ್ ಒಂದೇ ಗತಿ."

ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಬ್ರಷ್. ಅಕ್ಕಿಕಾಳಿನಷ್ಟು! ಅದನ್ನು ನನ್ನೊಬ್ಬನನ್ನೇ ಕರೆದು ತೋರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಗ್ರೈಂಡರ್ ಪಕ್ಕದಲ್ಲಿ ಬದುಕು ಕಳೆದವನ ಕಿವಿ ಎಷ್ಟು ದಿನ ಉಳಿದೀತು? ಅಣ್ಣನ ಕಿವಿ ಐವತ್ತರ ಹೊತ್ತಿಗೆ ಹೋಯಿತು. ಕೂಗಿದರೆ ಕೇಳುತ್ತಿತ್ತು, ಸುತ್ತಿಗೆಯ ಸದ್ದು ಕೇಳುತ್ತಿರಲಿಲ್ಲ. ಹೊರಗೆ ಗೊತ್ತಾದರೆ ಟಣ್ಣಣ್ಣ ಎನ್ನುವ ಹೆಸರಿಗೆ ಅಲ್ಲಿಗೇ ಮಣ್ಣು. ಹಾಗಾಗಿ ಅವನು ತಟ್ಟಿ, ಕಣ್ಣು ಮುಚ್ಚಿ ಆಲಿಸುವವನ ಹಾಗೆ ನಿಂತು, ರೆಪ್ಪೆಯ ಸಂದಿಯಿಂದ ನನ್ನನ್ನು ನೋಡುತ್ತಿದ್ದ. ಸದ್ದು ಸರಿಯಿದ್ದರೆ ನಾನು ಹೆಗಲ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಮೂಗು ಕೆರೆದುಕೊಳ್ಳುತ್ತಿದ್ದೆ. ಈ ಗುಟ್ಟನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ನನ್ನ ಕಿವಿಯಲ್ಲಿ ಹೆಸರು ಉಳಿಸಿಕೊಂಡವನು ನನ್ನನ್ನು ಬ್ರಷ್ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಎಲ್ಲಿ ಬಿಟ್ಟರೂ ಎಗರುತ್ತಾಳೆಂದು ಮಿಡತೆ ಎಂದು ಕರೆಯುತ್ತಿದ್ದೆವು. ಅಂಗಡಿಯ ಕಬ್ಬಿಣದ ಚೂರುಗಳ ನಡುವೆ ಅಂಬೆಗಾಲಿಟ್ಟು ಬೆಳೆದವಳು. ಇಪ್ಪತ್ತನೆಯ ವಯಸ್ಸಿಗೆ ಗುಡ್ಡದ ಓಟದಲ್ಲಿ ಗಂಡಸರ ಮುಖಕ್ಕೆ ಧೂಳು ಎರಚುತ್ತಿದ್ದಳು. ಒಂದು ದೊಡ್ಡ ಓಟಕ್ಕೆ ಮೂರು ದಿನ ಇರುವಾಗ ಬೈಕು ತಂದು ನಿಲ್ಲಿಸಿ ಅಪ್ಪನಿಗೆ ಕೇಳುವಂತೆ ಕೂಗಿದಳು.

"ಅಪ್ಪಾ, ಈ ಸಲ ಚಿಕ್ಕಪ್ಪ ಬೆಸೀಲಿ. ಎಷ್ಟು ವರ್ಷ ಅಂತ ಬಣ್ಣ ಬಳೀತಾನೆ ಪಾಪ?"

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅಣ್ಣ ನಕ್ಕ.

"ಈ ಬ್ರಷ್ ಹಾಕಿದ ಬೆಸುಗೆ ಮೇಲೆ ನನ್ನ ಮಗಳನ್ನ ಕೂರಿಸ್ಲಾ? ಅದಕ್ಕಿಂತ ನಾನೇ ಅವಳ ಕತ್ತು ಹಿಸುಕಿಬಿಡ್ತೀನಿ."

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನೇ ಬೆಸೆದ. ಆರುವ ಹೊತ್ತಿಗೆ ಯಾರೋ ಗಿರಾಕಿ ಶಟರ್ ಎತ್ತಿ ಒಳಗೆ ಬಂದ, ಹಿಂದೆಯೇ ತಣ್ಣನೆಯ ಗಾಳಿ ನುಗ್ಗಿತು. ಅಣ್ಣ ಬೈದು ಶಟರ್ ಎಳೆದ. ಮರುದಿನ ಬೆಳಿಗ್ಗೆ ಚಾಸಿ ನೇತುಹಾಕಿ ತಟ್ಟಿದ. ಮಿಡತೆ ಪಕ್ಕದಲ್ಲೇ ನಿಂತಿದ್ದಳು.

ಡಬ್.

ಅಣ್ಣ ಕಣ್ಣು ಮುಚ್ಚಿ ಕಾಯುತ್ತಿದ್ದ. ಕೊಯ್ದು ಮತ್ತೆ ಬೆಸೆಯಲು ಒಂದು ದಿನ ಸಾಕಿತ್ತು, ಓಟಕ್ಕೆ ಇನ್ನೂ ಎರಡು ದಿನ ಇತ್ತು. ಬಿರುಕು ಬಿಟ್ಟ ಕುತ್ತಿಗೆ ಮೊದಲು ಸಡಿಲವಾಗುತ್ತದೆ, ಹ್ಯಾಂಡಲ್ ಅದುರುತ್ತದೆ, ಓಡಿಸುವವರು ನಿಲ್ಲಿಸಿ ಇಳಿಯುತ್ತಾರೆ. ಬೇರೆ ಕಡೆ ಬೆಸೆದ ಬೈಕುಗಳಲ್ಲಿ ಹಾಗಾಗಿದ್ದನ್ನು ನಾನು ಹತ್ತಾರು ಸಲ ಕಂಡಿದ್ದೆ. ಮಿಡತೆಯೂ ಇಳಿಯುತ್ತಾಳೆ, ಊರಿನ ಕಣ್ಣೆದುರು ಟಣ್ಣಣ್ಣನ ಬೆಸುಗೆ ಬಾಯಿ ಬಿಟ್ಟು ನಿಲ್ಲುತ್ತದೆ, ಜನ ಅವನನ್ನೂ ನೋಡಿ ನಗುತ್ತಾರೆ. ಇಷ್ಟೇ ನನ್ನ ಲೆಕ್ಕ.

ನಾನು ಹೆಗಲ ಬಟ್ಟೆಗೆ ಕೈ ಒರೆಸಿಕೊಂಡೆ. ಆಮೇಲೆ ಆ ಬೆಸುಗೆಯ ಮೇಲೆ ಎರಡು ಸಲ ಬಣ್ಣ ಬಳಿದೆ, ಒಳ್ಳೆಯ ಕೆಂಪು ಬಣ್ಣ.

ಹ್ಯಾಂಡಲ್ ಅದುರಲೇ ಇಲ್ಲ. ಮೊದಲ ದೊಡ್ಡ ನೆಗೆತದಲ್ಲಿ ಬೈಕು ನೆಲಕ್ಕೆ ಬಿದ್ದದ್ದೇ ಕುತ್ತಿಗೆ ಕಳಚಿ, ಮುಂದಿನ ಚಕ್ರ ಒಂದು ಕಡೆ ಹೋಯಿತು, ಮಿಡತೆ ಕಲ್ಲಿನ ಮೇಲೆ ಬೆನ್ನು ಅಡಿಯಾಗಿ ಬಿದ್ದಳು. ಯಾರೂ ನಗಲಿಲ್ಲ. ಸೊಂಟದ ಕೆಳಗೆ ಇನ್ನು ಸ್ವಾಧೀನ ಇಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ಅಣ್ಣನಿಗೆ ಕೇಳಿಸಲಿಲ್ಲ. ಅವನ ಕಿವಿಗೆ ಬಾಯಿಟ್ಟು ಆ ಮಾತನ್ನು ನಾನೇ ಕೂಗಿ ಹೇಳಬೇಕಾಯಿತು.

ಮುರಿದ ಚಾಸಿಯನ್ನು ಅವನು ಅಂಗಡಿಗೆ ತಂದು ಬೆಳಕಿಗೆ ಹಿಡಿದ. ಮುರಿದ ಜಾಗದಲ್ಲಿ ಅರ್ಧ ಹೊಸ ಕಬ್ಬಿಣದ ಹಾಗೆ ಹೊಳೆಯುತ್ತಿತ್ತು, ಅರ್ಧ ನೀಲಿಗಟ್ಟಿತ್ತು. ಬಿಸಿ ಇರುವಾಗಲೇ ಬಿಟ್ಟ ಬಿರುಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಗ ಅವನು ಜೀವಮಾನದಲ್ಲೇ ಮೊದಲ ಸಲ ಆ ಗುಟ್ಟನ್ನು ಬಾಯಿಗೆ ತಂದ.

"ಅವತ್ತು ಸದ್ದು ಹೇಗಿತ್ತೋ? ನಂಗೆ ಕೇಳ್ಸಲ್ಲ, ನಿಂಗೊತ್ತಲ್ಲ. ನಿಜ ಹೇಳು."

"ಟಣ್ ಅಂತಿತ್ತಣ್ಣ," ಎಂದು ಕೂಗಿದೆ.

ನನ್ನನ್ನು ಒಂದು ಗಳಿಗೆ ನೋಡಿದ. ನಂಬಿದ.

"ಹಾಗಾದ್ರೆ ತಟ್ಟೋದೇ ಸುಳ್ಳು. ಇಷ್ಟು ವರ್ಷ ಎಷ್ಟು ಜನರನ್ನ ಸಾವಿನ ಮೇಲೆ ಕೂರಿಸಿ ಕಳ್ಸಿದೀನೋ ಏನೋ!"

ಮಾರನೆಯ ದಿನದಿಂದ ಅವನು ಗರಗಸ ಹಿಡಿದು ಹಳೆಯ ಗಿರಾಕಿಗಳ ಮನೆ ಮನೆ ಸುತ್ತಿದ. ಕೈಮುಗಿದು ಬೈಕು ಬೇಡಿ ತಂದು, ಹಿತ್ತಲಲ್ಲಿ ತನ್ನದೇ ಬೆಸುಗೆಯನ್ನು ಅಡ್ಡಕ್ಕೆ ಕೊಯ್ದು ಒಳಗೆ ನೋಡುತ್ತಿದ್ದ. ಎಲ್ಲವೂ ಗಟ್ಟಿ. ಒಂದರಲ್ಲೂ ಅಕ್ಕಿಕಾಳಿನಷ್ಟು ಜಾಗ ಬಿಟ್ಟಿರಲಿಲ್ಲ. ಅವನು ಮಾತ್ರ ತಲೆ ಅಲ್ಲಾಡಿಸಿ ಇನ್ನೊಂದು ತರಲು ಹೊರಡುತ್ತಿದ್ದ. ಕೆಲವರು ಬೈದು ಅಟ್ಟಿದರು, ಕೆಲವರು ಹುಚ್ಚು ಹಿಡಿದಿದೆ ಎಂದು ಹಳೆಯ ಬೈಕನ್ನು ಕರುಣೆಯಿಂದ ಕೊಟ್ಟರು.

ಒಂದು ಬೆಳಿಗ್ಗೆ ಅವನು ವೆಲ್ಡಿಂಗ್ ಹೋಲ್ಡರನ್ನೂ ಹಿತ್ತಾಳೆ ಸುತ್ತಿಗೆಯನ್ನೂ ತಂದು ನನ್ನ ಮುಂದಿಟ್ಟ. "ಇನ್ಮೇಲೆ ನೀನೇ ಮಾಡೋ. ನನ್ನ ಕೈ ಕೆಟ್ಟಿದೆ," ಎಂದ. ಹದಿನೆಂಟು ವರ್ಷ ನಾನು ಕಾದದ್ದು ಆ ಮಾತಿಗೇ. ಅದು ಕೈಗೆ ಸಿಕ್ಕ ದಿನ ಹಿತ್ತಲಲ್ಲಿ ಅವನು ಕೊಯ್ದ ಚಾಸಿಗಳು ರಾಶಿ ಬಿದ್ದಿದ್ದವು. ಆದರೂ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ?

ಅದೇ ವಾರ ಮಿಡತೆ ಗಾಲಿಕುರ್ಚಿಯಲ್ಲಿ ಅಂಗಡಿಗೆ ಬಂದಳು. ನಾನು ಬೆಸೆದ ಚಾಸಿ ನೇತಾಡುತ್ತಿತ್ತು.

"ತಟ್ಟು ಚಿಕ್ಕಪ್ಪ," ಎಂದಳು.

ತಟ್ಟಿದೆ. ಟಣ್ ಎಂದಿತು.

"ಇದು ಸರಿ ಇದೆ," ಎಂದಳು. "ಅವತ್ತು ಡಬ್ ಅಂದಿತ್ತು. ನಂಗೂ ಕೇಳ್ಸಿತ್ತು. ನೀನು ಕೈ ಒರೆಸ್ಕೊಂಡೆ, ನಿಮ್ಮಿಬ್ಬರ ಆ ಸನ್ನೆ ನಂಗೆ ಮೊದಲಿಂದ ಗೊತ್ತು. ಚಿಕ್ಕಪ್ಪನ ಕಿವಿ ತಪ್ಪಲ್ಲ, ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂದ್ಕೊಂಡೆ."

ಸುತ್ತಿಗೆ ಕೆಳಗಿಟ್ಟೆ. "ಅಪ್ಪನಿಗೆ ಹೇಳಿದ್ಯಾ ಪುಟ್ಟಾ?"

"ನಾನ್ಯಾಕೆ ಹೇಳ್ಲಿ? ನೀನೇ ಹೇಳು. ನೀನು ಹೇಳೋವರೆಗೂ ಅವನು ಕೊಯ್ತಾನೇ ಇರ್ತಾನೆ."

"ಅವನ ಮೇಲೆ ಕನಿಕರ ಇಲ್ವೇನೇ ನಿಂಗೆ?"

"ನಿಂಗಿದ್ಯಾ?"

ಇದಾಗಿ ಎರಡು ವರ್ಷವಾಯಿತು. ಬೀದಿಯಲ್ಲಿ ಈಗ ನನ್ನನ್ನು ಯಾರೂ ಬ್ರಷ್ ಎನ್ನುವುದಿಲ್ಲ, ಟಣ್ಣಣ್ಣ ಎನ್ನುತ್ತಾರೆ. ಮಿಡತೆ ದಿನಾ ಬೆಳಿಗ್ಗೆ ಶಟರ್ ತೆಗೆಯುವ ಹೊತ್ತಿಗೆ ಬಂದು ಬಾಗಿಲ ಪಕ್ಕದಲ್ಲಿ ಕುರ್ಚಿ ನಿಲ್ಲಿಸುತ್ತಾಳೆ. ಹಿತ್ತಲಲ್ಲಿ ಗರಗಸ ಎಳೆಯುವ ಸದ್ದು ಶುರುವಾಗುತ್ತದೆ. ಅವನೊಬ್ಬನಿಗೆ ಅದು ಕೇಳಿಸುವುದಿಲ್ಲ, ನಮ್ಮಿಬ್ಬರಿಗೂ ಕೇಳಿಸುತ್ತದೆ.

"ಇವತ್ತು ಹೇಳ್ತೀಯಾ ಚಿಕ್ಕಪ್ಪ?" ಎಂದು ಕೇಳುತ್ತಾಳೆ.

ನಾನು ಹೆಗಲ ಬಟ್ಟೆಗೆ ಕೈ ಒರೆಸಿಕೊಂಡು ಕೆಲಸಕ್ಕೆ ಕೂರುತ್ತೇನೆ.