ಎರಡು ಗಡಿಗಿ, ಒಂದು ಎತ್ತು

ನಿಜಾಮ ಸರ್ಕಾರದ ಕಾಲದ ಮಾತಿದು. ರಜಾಕಾರರ ಗದ್ಲ ನಮ್ಮ ಕಡೆ ಇನ್ನೂ ಶುರು ಆಗಿದ್ದಿಲ್ಲ. ನಾ ಮಸ್ಕಿ ಸಾಲಿಯಾಗ ಓದಾಕತ್ತಿದ್ದೆ. ಓದಾಕತ್ತಿದ್ದೆ ಅನ್ನೋದು ನಮ್ಮವ್ವ ಹೇಳ್ತಿದ್ದ ಮಾತು. ಸಾಲಿಯಾವ್ರನ್ನ ಕೇಳಿದ್ರ ಬ್ಯಾರೆನ ಹೇಳ್ತಿದ್ರು.

ಮಸ್ಕಿ, ಸಿಂಧನೂರು, ಲಿಂಗಸುಗೂರು, ಈ ಮೂರೂರಾಗ ನನ್ನಷ್ಟು ಬೆರಕಿ ಹುಡುಗ ಇನ್ನೊಬ್ಬ ಇದ್ದಿಲ್ಲ. ಇದು ನಾ ಕೊಚ್ಚಿಕೊಳ್ಳೋದಲ್ಲ, ಮಂದಿ ನನ್ನ ಬೈಕೋತ ಹೇಳ್ತಿದ್ದದ್ದು. ಕಟ್ಟಿ ಮ್ಯಾಲೆ ನಿದ್ದಿ ಹೊಡಿಯಾಕತ್ತಿದ್ದ ಇಬ್ರು ಹಿರ್ಯಾರ ಧೋತರದ ತುದಿ ಒಂದಕ್ಕೊಂದು ಗಂಟು ಹಾಕಿದಾಂವ ನಾನ. ಈಗ ಹಲ್ಲು ಬಿದ್ದಾವ, ಬುದ್ಧಿ ಬಿದ್ದಿಲ್ಲ. ಮೊನ್ನೆ ಮೊಮ್ಮಗನ ಚಾದಾಗ ಉಪ್ಪು ಹಾಕೀನಿ. ಇಂಥಾ ನನ್ನ ಜನ್ಮದಾಗ ಒಬ್ಬರು ಒಂದ ಸಲ ಸೋಲಿಸ್ಯಾರ. ಅದನ್ನ ಹೇಳ್ತೀನಿ ಕೇಳ್ರಿ.

ಆಗ ಸಾಲಿಯಾಗ ಎಲ್ಲಾ ಉರ್ದು. ಹಾಜರಿ ಉರ್ದು, ಲೆಕ್ಕ ಉರ್ದು. ಛಡಿ ಏಟು ತಿಂದು ಅಳೋದು ಒಂದ ಕನ್ನಡದಾಗ. ಮಧ್ಯಾಹ್ನದ ಮ್ಯಾಲೆ ಒಂದು ತಾಸು ಕನ್ನಡ ಇತ್ತು, ಅದನ್ನ ಕಲಿಸಾಕ ಲಿಂಗಸುಗೂರಿನ ಹಂಪಯ್ಯ ಮಾಸ್ತರು ಇದ್ರು. ಎಲ್ರಿಗೂ ಸೇರಿ ಇದ್ದದ್ದು ಒಂದ ಕನ್ನಡ ಪುಸ್ತಕ. ವರ್ಷಗಟ್ಲೆ ಅದನ್ನ ಓದಿ ಓದಿ ಎಲ್ರಿಗೂ ಬಾಯಿಪಾಠ ಆಗಿತ್ತು. ಒಂದಿನ ಮಾಸ್ತರು ನನ್ನ ಗೆಳ್ಯಾ ಮೌಲಾನ್ನ ಎಬ್ಬಿಸಿದ್ರು. ಅಂವ ನಿಂತು ಸರಾಗ ಒಂದು ಪಾಠ ಓದಿ ಮುಗಿಸಿದ. ನೋಡಿದ್ರ ಪುಸ್ತಕ ತಲಿಕೆಳಗ ಹಿಡಿದಿದ್ದ.

ನಾವೆಲ್ಲಾ ಬಿದ್ದು ಬಿದ್ದು ನಕ್ಕಿವಿ. ಮಾಸ್ತರು ನಗಲಿಲ್ಲ, ಹೊಡೀಲೂ ಇಲ್ಲ. ಕಿಡಕಿ ಹೊರಗ ಗುಡ್ಡ ನೋಡಿಕೋತ ಕುಂತುಬಿಟ್ರು.

ಮರುದಿನ ಕುಂಬಾರ ಓಣಿಯಿಂದ ಎರಡು ಗಡಿಗಿ ಹೊರಿಸಿಕೊಂಡು ಬಂದ್ರು. ಒಂದಕ್ಕ ಸುಣ್ಣದ ಪಟ್ಟಿ, ಒಂದಕ್ಕ ಕೆಮ್ಮಣ್ಣಿನ ಪಟ್ಟಿ.

"ಸುಣ್ಣದ್ದು ಖರೇ ಗಡಿಗಿ" ಅಂದ್ರು. "ಲೋಕದಾಗ ಇದ್ದದ್ದು, ನಡೆದದ್ದು, ಕಂಡದ್ದು ಇದ್ರಾಗ. ಕೆಮ್ಮಣ್ಣಿಂದು ಕಟ್ಟಿದ್ದರ ಗಡಿಗಿ. ಯಾರೋ ಕುಂತು ಮನಸಿನ್ಯಾಗ ಕಟ್ಟಿದ್ದು ಇದ್ರಾಗ. ಅಂಗಡಿಯಿಂದ ಬೆಲ್ಲ, ಪುಠಾಣಿ ತರ್ತೀರಲ್ಲ, ಆ ಪುಡಿಕಿ ಕಾಗದ ಒಗಿಬ್ಯಾಡ್ರಿ. ಇಲ್ಲಿ ತಂದು ಓದ್ರಿ. ಯಾವ ಗಡಿಗಿಗೆ ಹೋಗಬೇಕು ಅಂತ ಎಲ್ರೂ ಕೂಡಿ ಜಗಳ ಮಾಡ್ರಿ."

ನಾ ಎದ್ದು ನಿಂತು, "ಕಟ್ಟಿದ್ದು ಅಂದ್ರ ಸುಳ್ಳು ಏನ್ರಿ?" ಅಂತ ಕೇಳಿದೆ. ಆ ವಿಷಯದಾಗ ನನಗ ಅಕ್ಕರೆ ಜಾಸ್ತಿ.

"ಅಲ್ಲಪಾ. ಕಟ್ಟಿದ್ದನ್ನ ಕಟ್ಟಿದ್ದು ಅಂತನ ಹೇಳ್ತಾರ. ಸುಳ್ಳು ನೀ ಹೇಳೋದು."

ಅವತ್ತಿನಿಂದ ಸಾಲಿ ಬಣ್ಣನ ಬದಲಾತು. ಹಳೇ ಪತ್ರಿಕಿ, ಕತಿ ಪುಸ್ತಕದ ಹಾಳಿ, ದನದ ರೋಗದ ಔಷಧ, ರಾಜಕುಮಾರಿ, ಭಾವಿ ತೋಡೋ ಕ್ರಮ, ದೆವ್ವ, ಎಲ್ಲಾ ತುಣುಕು ತುಣುಕು. ಎಣ್ಣಿ ಜಿಡ್ಡಿನ ಮ್ಯಾಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಬೇಕು. ಬಾಯಿಪಾಠ ನಡಿಯಂಗಿಲ್ಲ. ಮೌಲಾಗ ಖರೇದ್ದು ಅಂದ್ರ ಜೀವ. ಹಾವಿನ ಮ್ಯಾಲಿನ ಒಂದು ತುಣುಕು ಓದಾಕ ಅಂವ ಮೂರು ಹೊತ್ತೂ ಒದ್ದಾಡಿದ, ಕಡಿಗೆ ಓದಿದ. ಓದಿ ಮುಗಿಸಿ ತನ್ನ ಬಾಯಿ ತಾನ ಮುಟ್ಟಿ ನೋಡಿಕೊಂಡ. ನನಗ ಕಟ್ಟಿದ್ದರ ಮ್ಯಾಲೆ ಆಶಿ. ಕತಿ ಅರ್ಧಕ್ಕ ಹರದಿದ್ರ ಮುಂದಿಂದು ನಾನ ಕಟ್ಟಿ ಹೇಳ್ತಿದ್ದೆ, ಮೂಲ ಬರೆದಾವ ಕೇಳಿದ್ರ ಹೊಟ್ಟೆಕಿಚ್ಚು ಪಡಬೇಕು ಹಂಗ.

ತೊಂದ್ರಿ ಎಲ್ಲಿ ಬಂತಂದ್ರ, ಆ ಪುಡಿಕಿ ಎಲ್ಲಾ ಬರ್ತಿದ್ದದ್ದು ನಮ್ಮಪ್ಪನ ಕಿರಾಣಿ ಅಂಗಡಿಯಿಂದ. ರಾಯಚೂರಿಂದ, ಬಳ್ಳಾರಿ ಕಡಿಂದ ರದ್ದಿ ಗಂಟು ಬರ್ತಿದ್ವು. ನಮ್ಮಪ್ಪಗ ಲೆಕ್ಕ ಬರ್ತಿತ್ತು, ಓದು ಬರ್ತಿದ್ದಿಲ್ಲ. ಕಾಗದ ಅಂದ್ರ ಅಂವಗ ಬೆಲ್ಲ ಕಟ್ಟೋ ಸಾಮಾನು, ಅಷ್ಟ.

ಹುಡುಗರು ಅಂಗಡಿ ಮುಂದ ಮುಕುರಾಕತ್ರು. "ಕಾಕಾ, ಬೆಲ್ಲ ಕಮ್ಮಿ ಕೊಟ್ರೂ ನಡೀತೈತಿ, ಕಾಗದ ದೊಡ್ಡದು ಕೊಡ್ರಿ." "ಕಾಕಾ, ಇದ್ರ ಮುಂದಿನ ಕತಿ ಯಾವ ಪುಡಿಕ್ಯಾಗ ಐತ್ರಿ?" ಒಬ್ಬಾಂವಂತೂ ಜೀರಗಿ ಪುಡಿಕಿ ವಾಪಸ್ ತಂದು, "ಇದು ಓದೀವ್ರಿ, ಬದಲ್ ಮಾಡಿ ಕೊಡ್ರಿ" ಅಂದ.

ನಮ್ಮಪ್ಪ ತಕ್ಕಡಿ ಕೆಳಗಿಟ್ಟು ನನ್ನ ಕರೆದ. "ಲೇ ವಿರುಪ್ಯಾ, ಏನಿದು? ನಾ ಬೆಲ್ಲ ಮಾರಾಕ ಕುಂತೀನೋ, ಕತಿ ಮಾರಾಕ ಕುಂತೀನೋ?"

ನಾ ಹುರುಪಿನ್ಯಾಗ ಎರಡು ಗಡಿಗಿ ವಿಷಯ ಎಲ್ಲಾ ಹೇಳಿದೆ. ಹೇಳಬಾರದಿತ್ತು.

"ಕಟ್ಟಿದ್ದು ಕಲಿಯಾಕ ಸಾಲಿ ಯಾಕ ಬೇಕು?" ಅಂದ. "ಅದನ್ನ ನೀ ಮನ್ಯಾಗ ಕುಂತು ಪುಕ್ಸಟ್ಟೆ ಹೇಳ್ತಿ. ನಾಳಿಂದ ಅಂಗಡ್ಯಾಗ ಕುಂಡ್ರು. ಸಾಲಿಗೆ ನೀನೂ ಹೋಗಂಗಿಲ್ಲ, ನನ್ನ ರದ್ದಿನೂ ಹೋಗಂಗಿಲ್ಲ."

ನಾ ಹೋಗದಿದ್ರ ಸಾಲಿಗೇನೂ ಕಮ್ಮಿ ಆಗ್ತಿದ್ದಿಲ್ಲ, ಆದ್ರ ರದ್ದಿ ಹೋಗದಿದ್ರ ಗಡಿಗಿ ಖಾಲಿ. ಮೌಲಾ ಮತ್ತ ಪುಸ್ತಕ ತಲಿಕೆಳಗ ಹಿಡೀಬೇಕು. ಸುದ್ದಿ ಕೇಳಿ ಮಾಸ್ತರು ಅಂಗಡಿಗೆ ಬಂದ್ರು. ತಕರಾರು ಮಾಡ್ಲಿಲ್ಲ. "ಸಾವ್ಕಾರ್ರ, ಒಂದ ತಾಸು ಬಂದು ನಮ್ಮ ಹುಡುಗರ ಕೂಡ ಕುಂಡ್ರಿ. ಆಮ್ಯಾಲೆ ಮಗನ್ನ ಕರ್ಕೊಂಡು ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ" ಅಂದ್ರು.

ನಮ್ಮಪ್ಪ ಬಂದ. ರುಮಾಲು ಬಿಚ್ಚಿ ತೊಡಿ ಮ್ಯಾಲಿಟ್ಟುಕೊಂಡು, ನ್ಯಾಯ ಹೇಳಾಕ ಬಂದ ಗೌಡನಂಗ ಕುಂತ. ಮಾಸ್ತರು, "ಇವತ್ತು ಗಡಿಗಿ ಯಾವುದು ಅಂತ ಸಾವ್ಕಾರ್ರ ಹೇಳ್ತಾರ" ಅಂದ್ರು.

ಮೌಲಾ ಎದ್ದು ಓದಿದ. ಸಮುದ್ರದ ಆಚಿ ಒಂದು ದೇಶದಾಗ ಒಂದು ಪ್ರಾಣಿ ಐತಿ, ಅದರ ಹೊಟ್ಟಿಗೆ ಚೀಲ ಇರತೈತಿ, ಮರಿನ್ನ ಅದ್ರಾಗ ಇಟ್ಟುಕೊಂಡು ಜಿಗದಾಡತೈತಿ.

ನಮ್ಮಪ್ಪ ನಕ್ಕುಬಿಟ್ಟ. "ಚೀಲ ಇರೋದು ನನ್ನ ಅಂಗಡ್ಯಾಗ. ಇದು ಕಟ್ಟಿದ್ದು."

"ಖರೇ ಐತ್ರಿ ಸಾವ್ಕಾರ್ರ" ಅಂದ್ರು ಮಾಸ್ತರು.

ಇನ್ನೊಬ್ಬ ಹುಡುಗ ಓದಿದ. ಹಿಮದ ನಾಡಿನ್ಯಾಗ ತಿಂಗಳಾನುಗಟ್ಲೆ ಹೊತ್ತು ಮುಳುಗಂಗಿಲ್ಲಂತ.

"ಹಂಗಾದ್ರ ಅಲ್ಲಿ ಅಂಗಡಿ ಯಾವಾಗ ಮುಚ್ಚತಾರಲೇ? ಇದೂ ಕಟ್ಟಿದ್ದು."

"ಇದೂ ಖರೇನ್ರಿ."

ಹುಡುಗರು ಕಿಸಕ್ ಅಂದ್ರು. ನಮ್ಮಪ್ಪನ ಕಿವಿ ಕೆಂಪಗಾದವು. ರುಮಾಲು ಸುತ್ತಿಕೊಳ್ಳಾಕ ಹತ್ತಿದ. ಎದ್ದು ಹೋದ್ರ ಎಲ್ಲಾ ಮುಗೀತು ಅಂತ ನನಗ ಗೊತ್ತಾತು. ಕೈಗೆ ಸಿಕ್ಕ ಒಂದು ಕಾಗದ ತಗೊಂಡು ನಾ ಎದ್ದು ನಿಂತೆ.

"ಗೊರೇಬಾಳದಾಗ ಸಣ್ಣ ನಿಂಗಪ್ಪ ಅನ್ನೋ ಒಕ್ಕಲಿಗ ಅದಾನ" ಅಂತ ಓದಾಕ ಶುರು ಮಾಡಿದೆ. "ಅಂವನ ಹತ್ರ ಒಂದು ಬಿಳಿ ಎತ್ತು ಐತಿ. ಬಾರಕೋಲಿಗೆ ಅಂಜಂಗಿಲ್ಲ, ಹಿಂಡಿ ತೋರಿಸಿದ್ರ ಬಗ್ಗಂಗಿಲ್ಲ. ಕತಿ ಹೇಳಿದ್ರಷ್ಟ ನಡೀತೈತಿ. ಕತಿ ನಿಂತ್ರ ಎತ್ತೂ ನಿಲ್ಲತೈತಿ."

ನಮ್ಮಪ್ಪನ ಕೈ ರುಮಾಲಿನ ಮ್ಯಾಲೆ ನಿಂತಿತು.

"ಒಮ್ಮೆ ಸಿಂಧನೂರಿಂದ ಲಿಂಗಸುಗೂರಿಗೆ ಹತ್ತಿ ಹೇರಿಕೊಂಡು ಹೊಂಟಿದ್ದ. ತನಗ ಬರೋ ಕತಿ ಎಲ್ಲಾ ಹೇಳಿಕೋತ ಬಂದ. ಮಸ್ಕಿ ಗುಡ್ಡದ ಹತ್ರ ಬರೋದಕ್ಕ ಕತಿ ಖಾಲಿ ಆದ್ವು. ಎತ್ತು ನಡು ದಾರ್ಯಾಗ ನಿಂತುಬಿಡ್ತು. ಹಿಂದ ಬಂಡಿ ಸಾಲು ನಿಂತವು. ಆವಾಗ ಸಣ್ಣ ನಿಂಗಪ್ಪ..."

ಅಲ್ಲಿಗೆ ನಿಲ್ಲಿಸಿದೆ.

"ಮುಂದ?" ಅಂದ ನಮ್ಮಪ್ಪ.

"ಹರದೈತ್ರಿ ಯಪ್ಪಾ."

ನಮ್ಮಪ್ಪ ಮತ್ತ ಸರಿಯಾಗಿ ಕುಂತ. "ಇದು ಖರೇ" ಅಂದ. "ಇದಕ್ಕ ಮಾತ್ರ ಯಾರೂ ಇಲ್ಲ ಅನ್ನಂಗಿಲ್ಲ. ಸಣ್ಣ ನಿಂಗಪ್ಪ ನನಗ ಗೊತ್ತು. ಅವರಪ್ಪ ನಮ್ಮಂಗಡಿಗೆ ಬರ್ತಿದ್ದ. ಆ ಎತ್ತೂ ನೋಡೀನಿ, ಕೋಡು ಒಂದು ಸೊಟ್ಟ ಐತಿ. ಹಾಕ್ರಿ ಸುಣ್ಣದ ಗಡಿಗಿಗೆ."

ಕೋಡು ಸೊಟ್ಟ ಅಂತ ನಾ ಹೇಳಿದ್ದಿಲ್ಲ. ನನಗ ನಗು ತಡಕೊಳ್ಳಾಕ ಆಗಲಿಲ್ಲ. ಮೌಲಾ ಬಗ್ಗಿ ನನ್ನ ಕೈಯಾಗಿನ ಕಾಗದ ನೋಡಿದ. ಓದು ಕಲ್ತ ಹೊಸದು, ಸುಮ್ನಿರಲಿಲ್ಲ. "ಕಾಕಾ, ಇದು ತಲಿಗೆ ಹಚ್ಚೋ ಎಣ್ಣಿ ಜಾಹೀರಾತು. ಇದ್ರಾಗ ಎತ್ತೂ ಇಲ್ಲ, ನಿಂಗಪ್ಪನೂ ಇಲ್ಲ."

ಸಾಲಿ ತುಂಬ ನಗಿ ಎದ್ದಿತು. ಮಾಸ್ತರು ಒಂದ ಸಲ ನೋಡಿದ್ರು, ಎಲ್ರೂ ಗಪ್ಪಾದ್ರು. ನಮ್ಮಪ್ಪ ರುಮಾಲು ಸುತ್ತಿಕೊಂಡು ಎದ್ದು ಹೋದ. ಮಾಸ್ತರು ನನ್ನ ಕಡೆ ತಿರುಗಿ, "ಕಟ್ಟೋದು ಭಾಳ ಛಂದ ಕಟ್ಟಿದಿ" ಅಂದ್ರು. "ಆದ್ರ ಕಟ್ಟಿದ್ದು ಅಂತ ಹೇಳಲಿಲ್ಲ ನೋಡು. ಹೋಗು, ನಿಮ್ಮಪ್ಪನ ಹಿಂದ ಹೋಗು."

ಹೋದೆ. ಅಂಗಡ್ಯಾಗ ಕುಂತೆ. ನಮ್ಮಪ್ಪ ಬೈಲಿಲ್ಲ, ಅದ ದೊಡ್ಡ ಶಿಕ್ಷಾ. ಪುಡಿಕಿ ಕಟ್ಟಾಕ ಮುತ್ತಲ ಎಲಿ ತರಿಸಿದ. ರದ್ದಿ ಗಂಟು ಮಾಳಿಗಿ ಮ್ಯಾಲೆ ಹೋತು. ಮೌಲಾ ಬಂದು ದೂರ ನಿಂತು ನೋಡಿ ಹೋಗ್ತಿದ್ದ. ಅಂಗಡಿ ಮೂಲ್ಯಾಗ ಕುಂತು ಮೆಂತ್ಯ ಆರಿಸಿಕೋತ, ನನ್ನ ಓದು ಇಷ್ಟಕ್ಕ ಮುಗೀತು ಅಂತ ಮನಸಿಗೆ ಹೇಳಿಕೊಂಡೆ.

ಸಿಂಧನೂರ ಸಂತಿ ಬಂತು. ನಮ್ಮಪ್ಪ ಸಾಮಾನು ತರಾಕ ಬಂಡಿ ಕಟ್ಟಿಸಿಕೊಂಡು ಹೋದ. ವಾಪಸ್ ಬಂದಾಂವ ಕಾಲು ತೊಳಕೊಂಡ, ನೀರು ಕುಡಿದ, ಗಲ್ಲಾ ಮುಂದ ಕುಂತ. ಆಮ್ಯಾಲೆ ನನ್ನ ಮಾರಿ ನೋಡದ, ಉಪ್ಪಿನ ಚೀಲ ಬಿಚ್ಚಿಕೋತ ಹೇಳಿದ.

"ಗೊರೇಬಾಳದಾಗ ಇಳಿದಿದ್ದೆ. ಸಣ್ಣ ನಿಂಗಪ್ಪ ಸಿಕ್ಕಿದ್ದ."

ನಾ ಮೆಂತ್ಯದ ಮೊರ ಕೆಳಗಿಟ್ಟೆ.

"ಎತ್ತು ಛಲೋ ಐತಿ" ಅಂದ. "ಆದ್ರ ಗುಡ್ಡದ ಹತ್ರ ನಿಂತಾಗ ಹೊಸ ಕತಿ ಸಿಗದ ಭಾಳ ತ್ರಾಸ ಆಗೈತಂತ. ಅಂವಗ ಓದಾಕ ಬರಂಗಿಲ್ಲ, ನನ್ನಂಗ. ನಿನಗ ಹೇಳಿ ಕಳಿಸ್ಯಾನ. ಆ ಹುಡುಗ ಸಾಲಿ ಬಿಟ್ರ ನನ್ನ ಎತ್ತಿನ ಗತಿ ಏನ್ರಿ ಸಾವ್ಕಾರ್ರ, ಅಂತ ಕೇಳಿದ."

ಮಾರಿ ಮ್ಯಾಲೆ ಒಂದು ಎಳಿ ನಗು ಇಲ್ಲ. ತಕ್ಕಡಿ ಹಿಡಿದಾಗ ಇರತಿದ್ದ ಮಾರಿನ ಅದು.

"ನಾಳಿ ಹೋಗು. ಹೋಗುವಾಗ ಮಾಳಿಗಿ ಮ್ಯಾಲಿನ ಗಂಟು ಒಯ್ಯಿ. ಹರದದ್ದು ಬ್ಯಾಡ, ಪೂರಾ ಇದ್ದ ಹಾಳಿ ಆರಿಸಿಕೊಂಡು ಒಯ್ಯಿ."

ಊರಿಗೆಲ್ಲಾ ಟೋಪಿ ಹಾಕಿದ ನಾನು ಬಾಯಿ ತಕ್ಕೊಂಡು ಕುಂತಿದ್ದೆ. ನಮ್ಮಪ್ಪ ಮೊದ್ಲಿಂದ ನಂಬಿದ್ನೋ, ಸಾಲ್ಯಾಗನ ನನ್ನ ಆಟಕ್ಕ ಆಟ ಕೂಡಿಸಿದ್ನೋ, ಕೇಳಾಕ ಧೈರ್ಯ ಬರಲಿಲ್ಲ. ಮುಂದ ಪ್ರತಿ ಸಂತಿಗೂ ಗೊರೇಬಾಳದ ಸುದ್ದಿ ಬರತಿತ್ತು. ಎತ್ತಿಗೆ ದೆವ್ವದ ಕತಿ ಹೇಳಿದ್ರ ಓಡತೈತಂತ. ಚೀಲದ ಪ್ರಾಣಿ ಸುದ್ದಿ ಹೇಳಿದ್ರ ನಂಬಲಿಲ್ಲಂತ, ತಿರುಗಿ ನೋಡಿತಂತ. ಅದಕ್ಕ ಇನ್ನ ಏನೇನು ಹೇಳಬೇಕು ಅಂತ ಅಪ್ಪ ಸಂಜಿಮುಂದ ನನ್ನ ಕಡೆ ಹಾಳಿ ಓದಿಸಿ ಕೇಳ್ತಿದ್ದ, ಖರೇದ್ದೂ ಕಟ್ಟಿದ್ದೂ ಎರಡೂ. ಎತ್ತಿನ ಹೆಸರು ಹೇಳಿ ತಾ ಕೇಳ್ತಿದ್ದ.

ಅಪ್ಪ ತಂದ ಸುದ್ದಿ ಒಂದನ್ನ ನಾ ಚೀಟ್ಯಾಗ ಬರೆದು ಮಾಸ್ತರ ಕೈಗೆ ಕೊಟ್ಟೆ, ಯಾವ ಗಡಿಗಿಗ್ರಿ ಅಂತ. ಅವ್ರು ಓದಿದ್ರು, ಎರಡೂ ಗಡಿಗಿ ನೋಡಿದ್ರು. ಆಮ್ಯಾಲೆ ಮಡಚಿ ತಮ್ಮ ಕಿಸೆದಾಗ ಇಟ್ಟುಕೊಂಡ್ರು.

ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆತು. ಮೌಲಾನೂ ಹೋದ. ಗೊರೇಬಾಳ ಈಗ ಗುರ್ತ ಸಿಗಂಗಿಲ್ಲ, ಎಲ್ಲಿ ನೋಡಿದ್ರೂ ಕಾಲುವಿ ನೀರು, ಭತ್ತ. ಬೀಗರ ಮನಿ ಅಲ್ಲೇ ಐತಿ, ವರ್ಷದಾಗ ನಾಕೈದು ಸಲ ಹೋಗ್ತೀನಿ. ಹಳೇ ಮಂದಿ ಕಟ್ಟಿ ಮ್ಯಾಲೆ ಕುಂತಿರತಾರ, ಅವ್ರ ಕೂಡ ಚಾ ಕುಡೀತೀನಿ, ಚೇಷ್ಟಿ ಮಾಡ್ತೀನಿ. ಆದ್ರ ಇಲ್ಲಿ ಸಣ್ಣ ನಿಂಗಪ್ಪ ಅಂತ ಒಬ್ಬ ಇದ್ನೇನು ಅಂತ ಒಮ್ಮೆನೂ ಕೇಳಿಲ್ಲ. ಇಲ್ಲ ಅಂತ ಯಾರಾದ್ರೂ ಅಂದುಬಿಟ್ರ?